ನಟನ ಚಿತ್ತೈಕಾಗ್ರ್ಯ: ಒಂದು ಐತಿಹಾಸಿಕ ಅವಲೋಕನ

ಪಾಲಿ ಭಾಷೆಯ ಸಂಯುತ್ತನಿಕಾಯದಲ್ಲಿ ಭಗವಾನ್ ಬುದ್ಧನು ಭಿಕ್ಷುಗಳಿಗೆ ಹೇಳಿದ ಒಂದು ದೃಷ್ಟಾಂತವಿದೆ. ನಾಡಿಗೆಲ್ಲ ಚೆಲುವೆಯೆಂದು ಹೆಸರಾದವಳೊಬ್ಬಳು ಬಂದಿರುವಳೆಂದು ಕೇಳಿ ಜನರು ಕಿಕ್ಕಿರಿದು ನೆರೆದಿದ್ದಾರೆ. ಅವಳು ಹಾಡತೊಡಗುತ್ತಾಳೆ, ಕುಣಿಯತೊಡಗುತ್ತಾಳೆ. ಸಂದಣಿ ಇನ್ನಷ್ಟು ಹೆಚ್ಚುತ್ತದೆ. ಆ ಜನಜಂಗುಳಿಗೂ ಆ ನರ್ತಕಿಗೂ ನಡುವೆ ಒಬ್ಬ ಮನುಷ್ಯನು ಅಂಚಿನವರೆಗೆ ಎಣ್ಣೆ ತುಂಬಿದ ಬಟ್ಟಲನ್ನು ಹೊತ್ತು ನಡೆಯಬೇಕಾಗಿದೆ. ಅವನ ಬೆನ್ನ ಹಿಂದೆ ಕತ್ತಿ ಹಿರಿದವನೊಬ್ಬನು ಬರುತ್ತಿದ್ದಾನೆ. ಒಂದು ತೊಟ್ಟು ಎಣ್ಣೆ ಚೆಲ್ಲಿದರೂ ಅಲ್ಲಿಯೇ ತಲೆ ಹಾರಿಸಬೇಕೆಂಬುದು ಅವನಿಗಿತ್ತ ಅಪ್ಪಣೆ. ಅಂಥ ಸ್ಥಿತಿಯಲ್ಲಿರುವವನು ಬಟ್ಟಲನ್ನು ಮರೆತು ಅತ್ತಿತ್ತ ಕಣ್ಣು ಹಾಯಿಸುವನೇ ಎಂದು ಬುದ್ಧನು ಭಿಕ್ಷುಗಳನ್ನು ಕೇಳುತ್ತಾನೆ.

ಇದೇ ಕಥೆ, ವೇಷ ಬದಲಿಸಿಕೊಂಡು, 1936ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಒಬ್ಬ ಮಹಾರಾಜನು ತನಗೆ ಮಂತ್ರಿಯನ್ನು ಆರಿಸಬೇಕಾಗಿದೆ. ಹಾಲು ತುಂಬಿದ ದೊಡ್ಡ ಪಾತ್ರೆಯನ್ನು ಹಿಡಿದು, ಒಂದು ಹನಿಯೂ ಚೆಲ್ಲದಂತೆ ಊರ ಕೋಟೆಯ ಮೇಲೆ ಸುತ್ತಿಬರುವವನಿಗೆ ಮಂತ್ರಿಪದವಿ. ಹಲವರು ಹೊರಟರು, ಜನ ಕೂಗಿ ಕರೆದಾಗ, ಬೆದರಿಸಿದಾಗ, ಹಾಲು ಚೆಲ್ಲಿ ಹಿಂದಿರುಗಿದರು. ಕೊನೆಗೆ ಒಬ್ಬನು ಚೆಲ್ಲದೆ ಬಂದನು. ಸುತ್ತಲೂ ಗುಂಡು ಹಾರಿಸಿದ್ದು ಕೇಳಿಸಲಿಲ್ಲವೇ ಎಂದು ರಾಜನು ವಿಚಾರಿಸಿದರೆ, ಹಾಲನ್ನು ನೋಡುತ್ತಿದ್ದೆನಾದ್ದರಿಂದ ಕೇಳಿಸಲಿಲ್ಲವೆಂದು ಅವನ ಉತ್ತರ. ಪುಸ್ತಕದ ಹೆಸರು ‘ಆನ್ ಆಕ್ಟರ್ ಪ್ರಿಪೇರ್ಸ್’. ಬರೆದವನು ರಷ್ಯಾ ದೇಶದ ನಟ ಮತ್ತು ನಾಟಕ ನಿರ್ದೇಶಕ ಕಾನ್‌ಸ್ತಾಂತಿನ್ ಸ್ಟಾನಿಸ್ಲಾವ್‌ಸ್ಕಿ. ಅಲ್ಲಿ ಈ ಕಥೆಯನ್ನು ಹೇಳುವವನು ಭಿಕ್ಷುಗಳ ಗುರುವಲ್ಲ, ನಟರ ಗುರು.

ವಾಚಕರು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಭಿಕ್ಷುವಿನ ಪಾಲಿಗೆ ನರ್ತಕಿ ಬೇರೆ, ಬಟ್ಟಲು ಹೊತ್ತವನು ಬೇರೆ. ಅವನು ಅವಳತ್ತ ನೋಡದಿದ್ದರೆ ಸಾಕು. ನಟನಾದರೋ ತಾನೇ ನರ್ತಕಿ, ತಾನೇ ಬಟ್ಟಲು ಹೊತ್ತವನು. ಸಾವಿರ ಕಣ್ಣುಗಳು ತನ್ನ ಮೇಲೆಯೇ ನೆಟ್ಟಿವೆಯೆಂದು ತಿಳಿದೂ, ಆ ಕಣ್ಣುಗಳಿಗಾಗಿಯೇ ಬಂದಿದ್ದೂ, ಅವುಗಳನ್ನು ಮರೆತು ಕೆಲಸ ಮಾಡಬೇಕು. ಈ ಕಾರಣದಿಂದ ನಟನ ಏಕಾಗ್ರತೆಯ ಸಮಸ್ಯೆ ಸಾಧಕನ ಏಕಾಗ್ರತೆಯ ಸಮಸ್ಯೆಗಿಂತ ಒಂದು ಬಗೆಯಲ್ಲಿ ಹೆಚ್ಚು ತೊಡಕಿನದು. ಸ್ಟಾನಿಸ್ಲಾವ್‌ಸ್ಕಿ ತನ್ನ ಬಾಳಿನ ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಇದೊಂದನ್ನೇ ಬಿಡಿಸುವುದಕ್ಕೆ ಸವೆಸಿದನು. ಆ ಯತ್ನದಲ್ಲಿ ನಮ್ಮ ದೇಶದ ಯೋಗವಿದ್ಯೆಗೂ ಒಂದು ಪಾಲಿದೆ. ಆ ಪಾಲು ಎಷ್ಟು, ಯಾವ ದಾರಿಯಿಂದ ಬಂದದ್ದು ಎಂಬುದನ್ನು ಸರಿಯಾಗಿ ತಿಳಿಯುವುದು ಅವಶ್ಯ. ಏಕೆಂದರೆ ಈ ವಿಷಯದಲ್ಲಿ ನಮ್ಮವರು ಆಡುವ ಮಾತುಗಳಲ್ಲಿ ಉತ್ಸಾಹ ಹೆಚ್ಚು, ವಿಚಾರ ಕಡಮೆ.

ಸ್ಟಾನಿಸ್ಲಾವ್‌ಸ್ಕಿ ಹುಟ್ಟಿದ್ದು 1863ರಲ್ಲಿ, ಮಾಸ್ಕೋ ನಗರದಲ್ಲಿ. ಚಿನ್ನ ಬೆಳ್ಳಿಯ ಜರತಾರಿ ಎಳೆಗಳನ್ನು ತಯಾರಿಸುವ ಕಾರ್ಖಾನೆಯನ್ನು ನಡೆಸುತ್ತಿದ್ದ ಸಿರಿವಂತ ವರ್ತಕ ಮನೆತನ. ಮನೆತನದ ಹೆಸರು ಅಲೆಕ್ಸೆಯೇವ್. ಸ್ಟಾನಿಸ್ಲಾವ್‌ಸ್ಕಿ ಎಂಬುದು ರಂಗಭೂಮಿಗಾಗಿ ಇಟ್ಟುಕೊಂಡ ಹೆಸರು. 1897ರಲ್ಲಿ ನೆಮಿರೋವಿಚ್ ದಾನ್‌ಚೆಂಕೋ ಎಂಬ ನಾಟಕಕಾರನನ್ನು ಕಂಡು ಹಗಲಿರುಳು ಮಾತನಾಡಿ, ಮರುವರ್ಷ ಮಾಸ್ಕೋ ಆರ್ಟ್ ಥಿಯೇಟರನ್ನು ತೆರೆದದ್ದು, ಚೆಕಾವ್‌ನ ನಾಟಕಗಳಿಂದ ಅದು ಜಗತ್ತಿಗೆಲ್ಲ ಹೆಸರಾದದ್ದು, ಇವೆಲ್ಲ ಪ್ರಸಿದ್ಧ ಸಂಗತಿಗಳು. ನಮ್ಮ ವಿಷಯಕ್ಕೆ ಬೇಕಾದದ್ದು ಇದಕ್ಕೆ ಹಿಂದಿನ ಒಂದು ಘಟನೆ ಮತ್ತು ಮುಂದಿನ ಒಂದು ಘಟನೆ.

ಹಿಂದಿನದು 1882ರದು. ಇಟಲಿಯ ಮಹಾನಟ ತೊಮಾಸೊ ಸಾಲ್ವಿನಿ ಮಾಸ್ಕೋಗೆ ಬಂದು ಒಥೆಲೋ ಪಾತ್ರವನ್ನು ಅಭಿನಯಿಸಿದನು. ಹತ್ತೊಂಬತ್ತು ವರ್ಷದ ತರುಣ ಸ್ಟಾನಿಸ್ಲಾವ್‌ಸ್ಕಿಗೆ ಆ ಅಭಿನಯ ಜೀವಮಾನವಿಡೀ ಮರೆಯದಂತಾಯಿತು. ಆದರೆ ಆತನನ್ನು ಇನ್ನೂ ಹೆಚ್ಚಾಗಿ ಆಳಿದ್ದು, ತೆರೆ ಏಳುವ ಮುನ್ನ ಸಾಲ್ವಿನಿ ಏನು ಮಾಡುತ್ತಿದ್ದನೆಂಬ ವೃತ್ತಾಂತ. ಒಥೆಲೋ ಆಡುವ ದಿನ ಸಾಲ್ವಿನಿ ಹೆಚ್ಚು ಉಣ್ಣುತ್ತಿರಲಿಲ್ಲ, ಯಾರನ್ನೂ ಕಾಣುತ್ತಿರಲಿಲ್ಲ. ಆಟಕ್ಕೆ ಮೂರು ತಾಸು ಮುಂಚೆಯೇ ರಂಗಮಂದಿರಕ್ಕೆ ಬರುತ್ತಿದ್ದನು. ಬಂದವನು ಬರಿದಾದ ರಂಗದ ಮೇಲೆ ಅಡ್ಡಾಡುವನು. ಬಣ್ಣದ ಕೋಣೆಗೆ ಹೋಗಿ ಮುಖಕ್ಕೆ ಒಂದಿಷ್ಟು ಬಣ್ಣ ಬಳಿದುಕೊಂಡು ಮತ್ತೆ ರಂಗಕ್ಕೆ ಬರುವನು; ಒಂದು ಮಾತು ಆಡಿ ನೋಡುವನು, ಒಂದು ಚಲನೆ ಮಾಡಿ ನೋಡುವನು. ಮತ್ತೆ ಒಳಗೆ ಹೋಗಿ ಇನ್ನೊಂದು ಉಡುಪು ತೊಟ್ಟು ಬರುವನು. ಹೀಗೆ ಮೈಮೇಲೆ ಒಂದೊಂದೇ ವಸ್ತ್ರವೇರಿದಂತೆ ಅಂತರಂಗದಲ್ಲಿಯೂ ಒಥೆಲೋ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದನು. ಇಷ್ಟು ದೊಡ್ಡ ನಟನಿಗೆ, ನೂರಾರು ಸಲ ಆಡಿದ ಪಾತ್ರಕ್ಕೆ, ಇಷ್ಟು ಸಿದ್ಧತೆ ಏಕೆ ಬೇಕಿತ್ತು? ಈ ಪ್ರಶ್ನೆ ಸ್ಟಾನಿಸ್ಲಾವ್‌ಸ್ಕಿಯನ್ನು ಬಿಡಲಿಲ್ಲ.

ಮುಂದಿನದು 1906ರದು. ಆ ವೇಳೆಗೆ ಆತನ ಕೀರ್ತಿ ಯುರೋಪಿನಲ್ಲಿ ಹಬ್ಬಿತ್ತು. ಆ ಬೇಸಗೆಯಲ್ಲಿ ಫಿನ್ಲೆಂಡಿನ ಕಡಲತೀರದ ಬಂಡೆಯ ಮೇಲೆ ಕುಳಿತು ತನ್ನ ನಟಜೀವನವನ್ನು ಪರಿಶೀಲಿಸಿಕೊಂಡಾಗ ಆತನಿಗೆ ಭಯವಾಯಿತು. ಇಬ್ಸೆನ್ ಬರೆದ ನಾಟಕದಲ್ಲಿ ಡಾಕ್ಟರ್ ಸ್ಟಾಕ್‌ಮನ್ನನ ಪಾತ್ರವನ್ನು 1900ರಲ್ಲಿ ಮೊದಲು ಮಾಡಿದಾಗ, ಸತ್ಯಕ್ಕಾಗಿ ಹಂಬಲಿಸುವ ಆ ವೈದ್ಯನ ಚಡಪಡಿಕೆ ಒಳಗಿನಿಂದಲೇ ಉಕ್ಕಿ ಬಂದಿತ್ತು. ಅವಸರದ ನಡಿಗೆ, ಎರಡು ಬೆರಳನ್ನು ಮುಂದೆ ಚಾಚಿ ಮಾತನಾಡುವ ರೀತಿ, ಎಲ್ಲವೂ ತಾವಾಗಿ ಬಂದಿದ್ದವು. ಆರು ವರ್ಷಗಳ ಮೇಲೆ ನೋಡಿದರೆ ಬೆರಳುಗಳು ಉಳಿದಿದ್ದವು, ನಡಿಗೆ ಉಳಿದಿತ್ತು, ಒಳಗಿನದು ಆರಿಹೋಗಿತ್ತು. ಚಪ್ಪಾಳೆಗೆ ಮಾತ್ರ ಕೊರತೆಯಿರಲಿಲ್ಲ. ಪ್ರತಿ ರಾತ್ರಿ ಶರೀರ ರಂಗಕ್ಕೆ ಹೋಗುತ್ತಿದೆ, ಚಿತ್ತ ಹೋಗುತ್ತಿಲ್ಲ ಎಂಬುದನ್ನು ಆತ ಕಂಡುಕೊಂಡನು. ಪ್ರತಿಭೆಯುಳ್ಳವನಿಗೆ ಸ್ಫೂರ್ತಿ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಅದು ಬರುವಂತೆ ನೆಲವನ್ನು ಹದಗೊಳಿಸುವ ಉಪಾಯವೇನಾದರೂ ಉಂಟೇ? ಆತನ ಮುಂದಿನ ಬದುಕೆಲ್ಲ ಈ ಉಪಾಯದ ಹುಡುಕಾಟ.

ಆತನಿಗೆ ಮೊದಲು ಹೊಳೆದದ್ದು ಶರೀರದ ವಿಷಯ. ಭಯಪಟ್ಟವನ ಸ್ನಾಯುಗಳು ಬಿಗಿಯುತ್ತವೆ. ಬಿಗಿದ ಸ್ನಾಯುಗಳು ಮನಸ್ಸನ್ನು ಕಟ್ಟಿಹಾಕುತ್ತವೆ. ಮೇಲೆ ಹೇಳಿದ ಪುಸ್ತಕದಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನವಿದೆ. ಗುರು ಶಿಷ್ಯನೊಬ್ಬನಿಗೆ ಭಾರವಾದ ಪಿಯಾನೋದ ಮೂಲೆಯನ್ನು ಎತ್ತಿ ಹಿಡಿಯಲು ಹೇಳಿ, ಹಾಗೆಯೇ ಹಿಡಿದುಕೊಂಡು 37ನ್ನು 9ರಿಂದ ಗುಣಿಸೆಂದು ಕೇಳುತ್ತಾನೆ. ಆಗುವುದಿಲ್ಲ. ಬೀದಿಯಲ್ಲಿರುವ ಅಂಗಡಿಗಳನ್ನು ಸಾಲಾಗಿ ನೆನೆಯಲು ಹೇಳುತ್ತಾನೆ. ಅದೂ ಆಗುವುದಿಲ್ಲ. ಪಿಯಾನೋವನ್ನು ಕೆಳಗಿಳಿಸಿದ ಮೇಲೆ ಎಲ್ಲವೂ ನೆನಪಾಗುತ್ತದೆ. ರಂಗಕ್ಕೆ ಬಂದ ಹೊಸ ನಟನು ಕಣ್ಣಿಗೆ ಕಾಣದ ಪಿಯಾನೋವನ್ನು ಎತ್ತಿಕೊಂಡೇ ಬಂದಿರುತ್ತಾನೆ. ಆದುದರಿಂದ ಮೊದಲ ಕೆಲಸ ಮೈಯನ್ನು ಸಡಿಲಿಸುವುದು. ಮರಳಿನ ಮೇಲೆ ಮಲಗಿಸಿದ ಎಳೆಗೂಸು ಅಥವಾ ಬೆಕ್ಕು ತನ್ನ ಇಡೀ ಮೈಯ ಅಚ್ಚನ್ನು ಮರಳಿನಲ್ಲಿ ಮೂಡಿಸುತ್ತದೆ. ದೊಡ್ಡವರು ಮಲಗಿದರೆ ಅಲ್ಲಲ್ಲಿ ಮಾತ್ರ ಗುರುತು ಬೀಳುತ್ತದೆ ಎಂದು ಆತ ತೋರಿಸುತ್ತಾನೆ. ಶವಾಸನ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಅವಧಾನದ ವರ್ತುಲ. ಕತ್ತಲೆಯ ಕೋಣೆಯಲ್ಲಿ ಮೇಜಿನ ಮೇಲೊಂದು ಸಣ್ಣ ದೀಪ ಉರಿಯುತ್ತದೆ. ಅದರ ಬೆಳಕು ಮೇಜಿನ ಮೇಲಿನ ಸಣ್ಣಪುಟ್ಟ ಸಾಮಾನುಗಳಿಗೂ ನಟನ ಕೈಗಳಿಗೂ ಸಾಲುವಷ್ಟು ಮಾತ್ರ. ಆ ಬೆಳಕಿನೊಳಗೆ ನಟನು ತನ್ನ ಮನೆಯಲ್ಲಿರುವಂತೆ ನಿಶ್ಚಿಂತನಾಗಿರುತ್ತಾನೆ. ಬೆಳಕು ಹಿಗ್ಗಿದಂತೆ ಅವಧಾನ ತೆಳ್ಳಗಾಗುತ್ತದೆ. ಇಡೀ ರಂಗ ಬೆಳಗಿದಾಗ ಅದು ಒಡೆದುಹೋಗುತ್ತದೆ. ಎದುರಿನ ಪ್ರೇಕ್ಷಕರ ಕಪ್ಪು ಗವಿ ಅದನ್ನು ಸೆಳೆದುಕೊಳ್ಳುತ್ತದೆ. ಒಡೆದಾಗ ಮಾಡತಕ್ಕದ್ದೇನು? ಮತ್ತೆ ಒಂದು ಸಣ್ಣ ವಸ್ತುವಿಗೆ, ಅಂಗಿಯ ಗುಂಡಿಗೋ ಕೈಯ ಬಟ್ಟಲಿಗೋ ಹಿಂದಿರುಗಿ, ಅಲ್ಲಿಂದ ವರ್ತುಲವನ್ನು ಮೆಲ್ಲಗೆ ಬೆಳೆಸಬೇಕು. ಹೀಗೆ ಸಾವಿರ ಜನರ ನಡುವೆ ಗಳಿಸಿದ ಏಕಾಂತಕ್ಕೆ ಆತನು ಬಹಿರಂಗದಲ್ಲಿನ ಏಕಾಂತವೆಂಬ ಅರ್ಥದ ಹೆಸರಿಟ್ಟನು. 1909ರಲ್ಲಿ ತುರ್ಗೆನೇವ್‌ನ ನಾಟಕವೊಂದನ್ನು ಆಡಿಸುವಾಗ, ನಟರು ಹೆಚ್ಚು ಕೈಕಾಲಾಡಿಸದೆ ಕುಳಿತು ಒಳಗಿನ ಅವಧಾನದಿಂದಲೇ ಪ್ರೇಕ್ಷಕರನ್ನು ಹಿಡಿದಿಡುವಂತೆ ಪ್ರಯೋಗ ನಡೆಸಿ ಯಶಸ್ಸು ಪಡೆದನು.

ಇಲ್ಲಿಯವರೆಗಿನದು ಹೆಚ್ಚಾಗಿ ಆತನ ಸ್ವಂತ ಅನುಭವದ ಫಲ. ಜೊತೆಗೆ ಭಾವಸ್ಮರಣೆಯ ವಿಷಯದಲ್ಲಿ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋನ ಗ್ರಂಥಗಳ ಸಹಾಯ. ಯೋಗವು ಬಂದದ್ದು 1911ರ ಸುಮಾರಿಗೆ, ರಾಮಚಾರಕ ಎಂಬ ಹೆಸರಿನಲ್ಲಿ ಪ್ರಕಟವಾದ ‘ಹಠಯೋಗ’ ಎಂಬ ಪುಸ್ತಕದ ರಷ್ಯನ್ ಅನುವಾದದ ಮೂಲಕ. 1912ರಲ್ಲಿ ಎಳೆಯ ನಟರ ಶಿಕ್ಷಣಕ್ಕಾಗಿ ‘ಮೊದಲ ಸ್ಟುಡಿಯೋ’ ಎಂಬ ಶಾಲೆ ಆರಂಭವಾದಾಗ, ಅಲ್ಲಿ ಈ ಪುಸ್ತಕದ ಅಭ್ಯಾಸಗಳು ದಿನಚರಿಯ ಭಾಗವಾದವು. ಮೈ ಸಡಿಲಿಸುವುದು, ಉಸಿರನ್ನು ಲಯಬದ್ಧಗೊಳಿಸುವುದು, ಪ್ರಾಣವು ಅಂಗಾಂಗಗಳಲ್ಲಿ ಹರಿಯುತ್ತಿದೆಯೆಂದು ಭಾವಿಸುವುದು, ಆ ಪ್ರಾಣವನ್ನು ಕಿರಣಗಳಂತೆ ಎದುರಿನ ನಟನಿಗೆ ಕಳಿಸಿ ಅವನಿಂದ ಬರುವುದನ್ನು ಸ್ವೀಕರಿಸುವುದು. ಅಲ್ಲಿ ಕಲಿತ ವೇರಾ ಸೊಲೊವ್ಯೋವಾ ಎಂಬ ನಟಿ, ತಾವೆಲ್ಲರೂ ಸುತ್ತಲೊಂದು ವರ್ತುಲವನ್ನು ಕಲ್ಪಿಸಿಕೊಂಡು ಒಬ್ಬರಿಂದೊಬ್ಬರಿಗೆ ಪ್ರಾಣದ ಕಿರಣಗಳನ್ನು ಕಳಿಸುತ್ತಿದ್ದುದನ್ನು ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡಿದ್ದಾಳೆ. ಸಂಸ್ಕೃತದ ‘ಪ್ರಾಣ’ ಶಬ್ದವೇ ಮಾಸ್ಕೋದ ನಟರ ಬಾಯಲ್ಲಿ ಓಡಾಡುತ್ತಿತ್ತು!

ಈ ಸ್ಟುಡಿಯೋದ ಹೊಣೆ ಹೊತ್ತವನು ಲೆಯೊಪೋಲ್ಡ್ ಸುಲೆರ್‌ಜಿತ್‌ಸ್ಕಿ. ಅವನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಚಿತ್ರಕಲೆ ಕಲಿತವನು, ಹಡಗಿನಲ್ಲಿ ದುಡಿದವನು, ಟಾಲ್‌ಸ್ಟಾಯ್‌ನ ಭಕ್ತನು. ಸೈನ್ಯಕ್ಕೆ ಸೇರುವುದಿಲ್ಲವೆಂದು ಹಟ ಹಿಡಿದು ಬಂಧನ ಅನುಭವಿಸಿದವನು. ಯುದ್ಧವನ್ನು ಒಪ್ಪದ ದುಖೋಬೋರ್ ಎಂಬ ಪಂಥದವರನ್ನು ಚಕ್ರವರ್ತಿಯ ಸರಕಾರ ಪೀಡಿಸಿದಾಗ, 1898-99ರಲ್ಲಿ ಅವರನ್ನು ಹಡಗಿನಲ್ಲಿ ಕೆನಡಾ ದೇಶಕ್ಕೆ ಮುಟ್ಟಿಸಿ ಬಂದನು. ನಟರು ಒಳ್ಳೆಯ ಮನುಷ್ಯರಾಗದೆ ಒಳ್ಳೆಯ ನಟರಾಗಲಾರರೆಂಬುದು ಅವನ ನಂಬಿಕೆ. 1916ರಲ್ಲಿ ತೀರಿಕೊಂಡನು. ಗ್ರಂಥ ಬರೆದವರ ಹೆಸರು ಉಳಿಯುತ್ತದೆ, ಶಿಷ್ಯರನ್ನು ತಿದ್ದಿದವರದು ಅಷ್ಟಾಗಿ ಉಳಿಯುವುದಿಲ್ಲ.

ಇನ್ನು ಈ ರಾಮಚಾರಕ ಯೋಗಿ ಯಾರು? ನಮ್ಮ ಸಭೆಗಳಲ್ಲಿ, ಪಾಶ್ಚಾತ್ಯ ನಟನಾಪದ್ಧತಿಯೆಲ್ಲ ಭಾರತದ ಯೋಗಿಗಳಿಂದ ಕದ್ದದ್ದು ಎಂದು ಎದೆಯುಬ್ಬಿಸಿ ಹೇಳುವವರಿದ್ದಾರೆ. ಅವರು ಸ್ವಲ್ಪ ತಾಳಬೇಕು. ರಾಮಚಾರಕನೆಂಬುದು ವಿಲಿಯಂ ವಾಕರ್ ಆಟ್ಕಿನ್‌ಸನ್ ಎಂಬ ಅಮೆರಿಕದ ವಕೀಲನು ಇಟ್ಟುಕೊಂಡ ಹೆಸರೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. 1893ರಲ್ಲಿ ಸ್ವಾಮಿ ವಿವೇಕಾನಂದರು ಚಿಕಾಗೋದಲ್ಲಿ ಮಾತನಾಡಿದ ಮೇಲೆ, 1896ರಲ್ಲಿ ಅವರ ‘ರಾಜಯೋಗ’ ಹೊರಬಂದ ಮೇಲೆ, ಯೋಗದ ಹೆಸರಿಗೆ ಅಮೆರಿಕದಲ್ಲಿ ಬಹಳ ಬೆಲೆ ಬಂದಿತ್ತು. ಅದೇ ಚಿಕಾಗೋದಲ್ಲಿ ಕುಳಿತು ಆಟ್ಕಿನ್‌ಸನ್ನನು 1904ರಲ್ಲಿ ‘ಹಠಯೋಗ’ವನ್ನು ಪ್ರಕಟಿಸಿದನು. ಅದರಲ್ಲಿ ನಮ್ಮ ಪ್ರಾಣ, ಪ್ರಾಣಾಯಾಮಗಳ ಜೊತೆಗೆ ಅಮೆರಿಕದ ಅಂಗಸಾಧನೆ, ಆಹಾರನಿಯಮ, ಸಂಕಲ್ಪಶಕ್ತಿಯ ಚಿಕಿತ್ಸೆ ಎಲ್ಲವೂ ಬೆರೆತಿವೆ. ಅಂದ ಮೇಲೆ ಭಾರತದ ವಿದ್ಯೆ ಅಮೆರಿಕದ ವಕೀಲನ ಲೇಖನಿಯಿಂದ ಇಳಿದು, ರಷ್ಯನ್ ಭಾಷೆಗೆ ತಿರುಗಿ, ಮಾಸ್ಕೋದ ನಟರನ್ನು ಮುಟ್ಟಿತು. ಮೂರು ಪಾತ್ರೆಗಳಿಗೆ ಸುರಿದ ಹಾಲು ಇದು. ಋಣವಿದೆ, ಇಲ್ಲವೆನ್ನಲಾಗದು. ಆದರೆ ಕಳವು ಎನ್ನುವುದು ಅನ್ಯಾಯ. ಆತ ಬಳಸಿದ್ದನ್ನು ಮುಚ್ಚಿಡಲಿಲ್ಲ, ಪ್ರಾಣವೆಂಬ ಹೆಸರನ್ನೇ ಇಟ್ಟುಕೊಂಡು ಪಾಠ ಹೇಳಿದನು.

ನಮ್ಮಲ್ಲಿ ಈ ತತ್ತ್ವ ಇರಲಿಲ್ಲವೇ? ಧಾರಾಳವಾಗಿ ಇತ್ತು. ಭರತಮುನಿಯ ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ ಸತ್ತ್ವವೆಂಬುದು ಮನಸ್ಸಿನಿಂದ ಹುಟ್ಟುವುದು, ಸಮಾಹಿತವಾದ ಮನಸ್ಸಿನಿಂದ ಮಾತ್ರ ಹುಟ್ಟುವುದು ಎಂದು ನಿರೂಪಿತವಾಗಿದೆ. ಸ್ತಂಭ, ಸ್ವೇದ, ರೋಮಾಂಚ, ಅಶ್ರು ಮೊದಲಾದ ಎಂಟು ಸಾತ್ತ್ವಿಕ ಭಾವಗಳನ್ನು ಅನ್ಯಮನಸ್ಕನಾದ ನಟನು ತೋರಿಸಲಾರನು. ದುಃಖವಿಲ್ಲದವನು ಕಣ್ಣೀರನ್ನು ಹೇಗೆ ತಂದಾನು ಎಂಬುದು ಅಲ್ಲಿಯ ಪ್ರಶ್ನೆ. ಫಿನ್ಲೆಂಡಿನ ಬಂಡೆಯ ಮೇಲೆ ಸ್ಟಾನಿಸ್ಲಾವ್‌ಸ್ಕಿ ಕೇಳಿಕೊಂಡದ್ದೂ ಇದೇ. ಯೋಗಸೂತ್ರದ ಧಾರಣೆ, ಅಂದರೆ ಚಿತ್ತವನ್ನು ಒಂದೆಡೆ ಕಟ್ಟಿ ನಿಲ್ಲಿಸುವುದು, ದೀಪದ ಸಣ್ಣ ವರ್ತುಲಕ್ಕೆ ಸಮೀಪದ್ದೇ. ಆದರೆ ನಾಟ್ಯಶಾಸ್ತ್ರವು ಸಮಾಹಿತ ಮನಸ್ಸು ಬೇಕೆಂದು ವಿಧಿಸಿತು. ಸಾಮಾನ್ಯ ನಟನೊಬ್ಬನು ಅದನ್ನು ಸೋಮವಾರ ಹೇಗೆ ಅಭ್ಯಸಿಸಬೇಕು, ಮಂಗಳವಾರ ಹೇಗೆ ಅಭ್ಯಸಿಸಬೇಕು ಎಂಬುದನ್ನು ಗುರುಶಿಷ್ಯರ ಬಾಯ್ದೆರೆಯ ಪಾಠಕ್ಕೆ ಬಿಟ್ಟಿತು. ಆ ಬರೆಯದ ಪಾಠವನ್ನು ಬರೆದಿಡುವ ಶ್ರಮವನ್ನು ಕೈಗೊಂಡವನು ಮಾಸ್ಕೋದವನು. ತಂದೆಯ ಹೊಲವನ್ನು ಬೀಳುಬಿಟ್ಟು ಪಕ್ಕದವನ ಬೆಳೆಯನ್ನು ನಮ್ಮದೆಂದರೆ ಯಾರು ಒಪ್ಪುತ್ತಾರೆ?

ಆತನ ಎಲ್ಲ ಉಪಾಯಗಳೂ ನಿರಪಾಯವಾಗಿದ್ದವೆಂದೂ ಹೇಳಲಾಗದು. ನಟನು ತನ್ನ ಬಾಳಿನಲ್ಲಿ ಪಟ್ಟ ದುಃಖವನ್ನು ನೆನಪಿನಿಂದ ಕೆದಕಿ ಪಾತ್ರದ ದುಃಖಕ್ಕೆ ಬಳಸಬೇಕೆಂಬ ಭಾವಸ್ಮರಣೆಯ ಅಭ್ಯಾಸ ಹಳೆಯ ಗಾಯವನ್ನು ಪ್ರತಿದಿನ ಕೆರೆದಂತಾಗಬಹುದು. ಸ್ಟುಡಿಯೋದ ಅತ್ಯಂತ ಪ್ರತಿಭಾವಂತನಾದ ಮೈಕೇಲ್ ಚೆಕಾವ್, ನಾಟಕಕಾರ ಚೆಕಾವ್‌ನ ತಮ್ಮನ ಮಗನಲ್ಲ, ಅಣ್ಣನ ಮಗ, ಈ ದಾರಿಯನ್ನು ಬಿಟ್ಟು ಕಲ್ಪನಾಶಕ್ತಿಯನ್ನೇ ಆಶ್ರಯಿಸಿದನು. ಸ್ಟಾನಿಸ್ಲಾವ್‌ಸ್ಕಿಯೂ ಕಡೆಕಡೆಗೆ ನೆನಪಿಗಿಂತ ಕ್ರಿಯೆಗೆ ಒತ್ತು ಕೊಟ್ಟನು. ಆದರೆ 1923-24ರ ಪ್ರವಾಸದಿಂದ ಆತನ ಹಳೆಯ ಪಾಠ ಅಮೆರಿಕಕ್ಕೆ ದಾಟಿ ಅಲ್ಲಿ ಬೇರುಬಿಟ್ಟಿತ್ತು. 1934ರಲ್ಲಿ ಸ್ಟೆಲ್ಲಾ ಆ್ಯಡ್ಲರ್ ಎಂಬ ಅಮೆರಿಕದ ನಟಿ ಪ್ಯಾರಿಸ್ಸಿನಲ್ಲಿ ಆತನನ್ನು ಕಂಡು, ಗುರು ಮುಂದೆ ಹೋಗಿದ್ದಾನೆ, ನಾವು ಹಿಂದೆ ಉಳಿದಿದ್ದೇವೆ ಎಂಬ ಸುದ್ದಿಯನ್ನು ತಂದಾಗ ನ್ಯೂಯಾರ್ಕಿನ ನಟರಲ್ಲಿ ದೊಡ್ಡ ವಿವಾದವೇ ಎದ್ದಿತು.

ತೆರೆ ಏಳುವ ಮುನ್ನಿನ ಗಳಿಗೆಗಳ ವಿಷಯದಲ್ಲಿ ಮಾತ್ರ ಆತನ ಅಭಿಪ್ರಾಯ ಬದಲಾಗಲಿಲ್ಲ. ನಟನು ವೇಷಕ್ಕೂ ಬಣ್ಣಕ್ಕೂ ಗಂಟೆಗಟ್ಟಲೆ ಕೊಡುತ್ತಾನೆ, ಅಂತರಂಗಕ್ಕೆ ಬಣ್ಣ ಹಚ್ಚಲು ಮರೆಯುತ್ತಾನೆ ಎಂಬುದು ಆತನ ಆಕ್ಷೇಪ. ದೊಡ್ಡ ಪಾತ್ರವುಳ್ಳವನು ತನ್ನ ಪ್ರವೇಶಕ್ಕೆ ಎರಡು ತಾಸು ಮೊದಲೇ ಬರಬೇಕು. ಮೊದಲು ಸ್ನಾಯುಗಳನ್ನು ಸಡಿಲಿಸಬೇಕು. ಒಂದು ವಸ್ತುವನ್ನು ಆರಿಸಿಕೊಂಡು ಅದರಲ್ಲಿ ದೃಷ್ಟಿಯನ್ನು ನಿಲ್ಲಿಸಬೇಕು. ವರ್ತುಲವನ್ನು ಚಿಕ್ಕದಾಗಿಯೂ ದೊಡ್ಡದಾಗಿಯೂ ಮಾಡಿ ನೋಡಬೇಕು. ಪಾತ್ರದ ಸಣ್ಣದೊಂದು ಕೆಲಸವನ್ನು ಮನಸಾರೆ ಮಾಡಿ ನೋಡಬೇಕು. ಹಾಡುಗಾರನು ಶ್ರುತಿ ಕೂಡಿಸಿಕೊಳ್ಳುವಂತೆ ಇದು. ರಾತ್ರಿ ಮಲಗುವಾಗ ಕತ್ತಲೆಯಲ್ಲಿ ಅಂದಿನ ದಿನದ ಸಂಗತಿಗಳನ್ನು ವಿವರವಿವರವಾಗಿ ನೆನೆಯುವುದನ್ನೂ ನಟನ ನಿತ್ಯಾಭ್ಯಾಸಕ್ಕೆ ಸೇರಿಸಿದನು.

ನಮ್ಮ ಕರಾವಳಿ, ಮಲೆನಾಡುಗಳ ಯಕ್ಷಗಾನದ ಚೌಕಿಯನ್ನು ನೋಡಿದವರಿಗೆ ಸಾಲ್ವಿನಿಯ ವೃತ್ತಾಂತ ಹೊಸದೆನಿಸಲಾರದು. ಗಣಪತಿಯ ಪೂಜೆಯಾದ ಮೇಲೆ ಕಲಾವಿದನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಕನ್ನಡಿ ಹಿಡಿದು, ತನ್ನ ಬಣ್ಣವನ್ನು ತಾನೇ ಬರೆದುಕೊಳ್ಳುತ್ತಾನೆ. ತನ್ನ ಮುಖ ಮೆಲ್ಲಮೆಲ್ಲನೆ ಅಳಿಸಿಹೋಗಿ ಇನ್ನೊಬ್ಬನ ಮುಖ ಮೂಡುವುದನ್ನು ಅಷ್ಟು ಹೊತ್ತು ನೋಡುತ್ತಿರುವುದೇ ಒಂದು ತ್ರಾಟಕ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಮನೆಯಲ್ಲಿ ಬೆಳೆದ ಬಿ. ವಿ. ಕಾರಂತರು ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಕಲಿತು, 1977ರಲ್ಲಿ ಅದರ ನಿರ್ದೇಶಕರೂ ಆದರು; 1980ರಲ್ಲಿ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಂ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿದರು. ಇಂಥ ಶಾಲೆಗಳ ಮೂಲಕ ನಟಶಿಕ್ಷಣದ ವಿಚಾರ ಕನ್ನಡ ನಾಡಿನಲ್ಲಿಯೂ ಗಟ್ಟಿಯಾಯಿತು. ಆದರೂ ನಮ್ಮ ಎಷ್ಟೋ ರಂಗಮಂದಿರಗಳಲ್ಲಿ ನಡೆಯುವುದೇನು? ಆಟಕ್ಕೆ ಮುನ್ನ ಉದ್ಘಾಟನೆ, ಸನ್ಮಾನ, ಅಧ್ಯಕ್ಷರ ಭಾಷಣ. ಇತ್ತ ಬಣ್ಣದ ಕೋಣೆಯಲ್ಲಿ ಅತಿಥಿಗಳ ಕುಶಲಪ್ರಶ್ನೆ, ಭಾವಚಿತ್ರ. ಮೂರನೆಯ ಗಂಟೆ ಬಾರಿಸುವವರೆಗೆ ನಟನ ಕೈಗೆ ಯಾರಾದರೂ ಒಂದು ಪಿಯಾನೋ ಕೊಡುತ್ತಲೇ ಇರುತ್ತಾರೆ. ಭಾಷಣ ಮಾಡುವವರಲ್ಲಿ ನಮ್ಮಂಥ ಸ್ವಾಮಿಗಳೂ ಇರುತ್ತೇವೆಂಬುದನ್ನು ವಾಚಕರು ನೆನಪಿಸುವ ಮುನ್ನ ನಾವೇ ಹೇಳಿಬಿಡುತ್ತೇವೆ.

ಕೊನೆಗೆ ಆ ‘ಪ್ರಾಣ’ ಶಬ್ದದ ಗತಿಯೇನಾಯಿತೆಂಬುದನ್ನು ಹೇಳಬೇಕು. ಕ್ರಾಂತಿಯ ತರುವಾಯದ ರಷ್ಯಾದಲ್ಲಿ ಜಡವಾದವೇ ಸರಕಾರದ ಮತವಾಯಿತು. ಯೋಗ, ಆತ್ಮ, ಚೇತನ ಎಂಬ ಮಾತುಗಳೇ ಅಪಾಯಕರವಾದವು. 1930ರ ಡಿಸೆಂಬರಿನಲ್ಲಿ ಸ್ಟಾನಿಸ್ಲಾವ್‌ಸ್ಕಿ, ತನ್ನ ಬರಹಗಳನ್ನು ತಿದ್ದಿಕೊಡುತ್ತಿದ್ದ ಲ್ಯುಬೋವ್ ಗುರೆವಿಚ್ ಎಂಬ ವಿದುಷಿಗೆ ಬರೆದ ಪತ್ರದಲ್ಲಿ, ಆತ್ಮವೆಂಬ ಶಬ್ದಕ್ಕಾಗಿ, ಕಿರಣಗಳ ಮಾತಿಗಾಗಿ, ತನ್ನ ಪುಸ್ತಕವನ್ನೇ ನಿಷೇಧಿಸುವರೇನೋ ಎಂಬ ಆತಂಕವನ್ನು ತೋಡಿಕೊಂಡಿದ್ದಾನೆ. ಹೃದಯಾಘಾತದಿಂದಾಗಿ 1928ರಿಂದ ರಂಗಕ್ಕೇರದೆ, ಮನೆಯಲ್ಲಿಯೇ ಪಾಠ ಹೇಳುತ್ತ, ಬರೆದದ್ದನ್ನು ಅಳಿಸಿ ಮತ್ತೆ ಬರೆಯುತ್ತ ಇದ್ದ ಮುದುಕನ ಆತಂಕ ಅದು. ಆತನ ಕರಡುಗಳನ್ನು ಹೋಲಿಸಿ ನೋಡಿದ ವಿದ್ವಾಂಸರು, ಪ್ರಾಣವಿದ್ದ ಕಡೆ ಶಕ್ತಿಯೆಂದು ಬದಲಾದದ್ದನ್ನು ತೋರಿಸಿಕೊಟ್ಟಿದ್ದಾರೆ. 1938ರ ಆಗಸ್ಟ್ 7ರಂದು ಆತ ಕಾಲವಾದನು. ರಷ್ಯನ್ ಭಾಷೆಯ ಆ ಪುಸ್ತಕ ಅದಾದ ಸ್ವಲ್ಪ ದಿನಗಳಲ್ಲಿಯೇ ಹೊರಬಂದಿತು. ಪ್ರಾಣ ಅದರಲ್ಲಿಲ್ಲ. ಹಾಲಿನ ಪಾತ್ರೆ ಹಿಡಿದು ಕೋಟೆ ಸುತ್ತಿದವನ ಕಥೆ ಮಾತ್ರ ಐದನೆಯ ಅಧ್ಯಾಯದಲ್ಲಿ, ಭಾರತೀಯ ಕಥೆಯೆಂಬ ಹೆಸರಿನಿಂದಲೇ, ಉಳಿದುಕೊಂಡಿದೆ.